ಹನ್ನೆರಡು ಪಾಯಿಂಟ್ ಏಳು

ನವೆಂಬರ್ 3, ಭಾನುವಾರ

ಈ ನೋಟ್‌ಬುಕ್ಕನ್ನು ನನ್ನ ಹೆಂಡತಿ ಝೆನಿಯಾ ಕೊಟ್ಟದ್ದು ನಮ್ಮ ಮನೆಗಾಡಿಯ ಬ್ಯಾಟರಿಗಳಿಗಾಗಿ. ಪ್ರತಿ ಪುಟಕ್ಕೂ ಅವಳೇ ಸ್ಕೇಲು ಹಿಡಿದು ಗೆರೆ ಎಳೆದು ತಾರೀಖು, ಚಳಿ, ವೋಲ್ಟ್ ಎಂದು ಮೂರು ಕಾಲಂ ಮಾಡಿದ್ದಾಳೆ. ನಾನು ಅದರಲ್ಲಿ ನನ್ನ ಪುರಾಣ ಬರೆಯಲು ಕೂತಿದ್ದೇನೆ. ಗೊತ್ತಾದರೆ ಬೈಯುತ್ತಾಳೆ.

ನಿನ್ನೆ ಅವಳನ್ನು ಸಾಸ್ಕಟೂನ್‌ಗೆ ಬಿಟ್ಟು ಬಂದೆ. ಮಂಗಳವಾರದಿಂದ ಚಿಕಿತ್ಸೆ ಶುರು. ಅವಳು 'ಟ್ರೀಟ್‌ಮೆಂಟ್' ಅನ್ನುತ್ತಾಳೆ, ನಾನೂ ಹಾಗೇ ಅನ್ನುತ್ತೇನೆ. ಕ್ಯಾನ್ಸರ್ ಎಂಬ ಪದವನ್ನು ಈ ಮನೆಯಲ್ಲಿ ಡಾಕ್ಟರು ಮಾತ್ರ ಆಡಿದ್ದಾರೆ, ಅದೂ ಫೋನಿನಲ್ಲಿ. ಏಪ್ರಿಲ್‌ವರೆಗೆ ಅಲ್ಲೇ ತಂಗಿ ಸ್ಟೆಫಾಳ ಮನೆಯಲ್ಲಿ ಇರುತ್ತಾಳೆ. ಸ್ಟೆಫಾಳದು ಒಂದೇ ಮಲಗುವ ಕೋಣೆ, ಒಂದು ಸೋಫಾ.

"ನೀನು ಊರಿಗೆ ಹೋಗು ಮುದುಕಪ್ಪ," ಅಂದಳು. "ಮನೆ ಬಿಸಿ ಇಡೋ ಫರ್ನೇಸ್ ಕೆಟ್ರೆ ನೀರಿನ ಪೈಪೆಲ್ಲ ಒಡೆದು ಹೋಗುತ್ತೆ. ಬ್ಯಾಟರಿಗಳನ್ನ ನೋಡ್ಕೋ. ಹದಿನೈದನೇ ತಾರೀಖಿನೊಳಗೆ ಎರಡನ್ನೂ ಬಿಚ್ಚಿ ನೆಲಮಾಳಿಗೆಗೆ ಇಳಿಸು. ತಿಂಗಳಿಗೊಂದ್ಸಲ ಚಾರ್ಜ್ ಹಾಕು. ಭಾನುವಾರ ಭಾನುವಾರ ಎಷ್ಟು ವೋಲ್ಟ್ ಇದೆ ಅಂತ ನನಗೆ ಹೇಳು. ಮೇ ತಿಂಗಳಲ್ಲಿ ಗಾಡಿ ತೆಗೆಯೋವಾಗ ಅವು ಸತ್ತು ಬಿದ್ದಿದ್ರೆ ನಾನು ಸಮುದ್ರಕ್ಕೆ ನಡ್ಕೊಂಡು ಹೋಗ್ಬೇಕಾಗುತ್ತೆ."

"ಸರಿ," ಅಂದೆ. ಎಷ್ಟು ಬೇಗ ಅಂದೆನೆಂದರೆ ಸ್ಟೆಫಾ ನನ್ನ ಮುಖ ನೋಡಿದಳು.

ನವೆಂಬರ್ 5

ಮೇ ಚಾನ್ ಎಂಬವಳ ಹೋಟೆಲಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸೇರುವ ನಮ್ಮ ಕಾಫಿ ಮೇಜಿನಲ್ಲಿ ನನಗೆ 'ಪ್ರೊಫೆಸರ್' ಎಂದು ಹೆಸರು. ಯಾವುದರ ಪ್ರೊಫೆಸರ್? ಬ್ಯಾಟರಿಗಳದು. ಊರಿನಲ್ಲಿ ಹನ್ನೊಂದು ಜನರ ಹತ್ತಿರ ಮನೆಗಾಡಿ ಇದೆ, ಅಡುಗೆಮನೆ, ಹಾಸಿಗೆ ಎಲ್ಲ ಇರುವ ಬಸ್ಸಿನಂಥ ಗಾಡಿ. ಆರು ತಿಂಗಳು ಓಡುತ್ತವೆ, ಆರು ತಿಂಗಳು ಹಿಮದಡಿ ಮಲಗುತ್ತವೆ. ಮಲಗಿಸುವ ಕಾಲ ಬಂದಾಗ ಎಲ್ಲರೂ ನನ್ನನ್ನು ಕೇಳುತ್ತಾರೆ. ನಾನು ಕಾಫಿ ಲೋಟ ಬದಿಗಿಟ್ಟು ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ.

ನಾನು ಹೇಳುವುದೆಲ್ಲ ಹಿಂದಿನ ಸಂಜೆ ಝೆನಿಯಾ ಹೇಳಿದ್ದು. ಟ್ರಾಕ್ಟರುಗಳ ನಡುವೆ ಬೆಳೆದ ರೈತನ ಮಗಳು ಅವಳು. ನಾನು ಧಾನ್ಯದ ಗೋದಾಮಿನಲ್ಲಿ ಮೂವತ್ನಾಲ್ಕು ವರ್ಷ ರೈತರ ಗೋಧಿಯ ತೂಕ ನೋಡಿ ದರ್ಜೆ ಬರೆದವನು. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಅವಳು "ಇಳಿ, ಇಳಿ" ಎನ್ನುತ್ತಾಳೆ.

ನವೆಂಬರ್ 12. ಮೈನಸ್ 11

ಇವತ್ತು ಮುಹೂರ್ತ. ಸ್ಪ್ಯಾನರ್ ಹಿಡಿದು ಮನೆಗಾಡಿಯ ಹತ್ತಿರ ಹೋದೆ. ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಎರಡೂ ಬ್ಯಾಟರಿಗಳು ಮಕ್ಕಳಂತೆ ಕೂತಿದ್ದವು. ಒಂದೊಂದೂ ಮೂವತ್ತು ಕಿಲೋ. ಎತ್ತಲು ಬಗ್ಗಿದೆ. ಸೊಂಟ ನನ್ನನ್ನು ಹೆಸರು ಹಿಡಿದು ಕರೆಯಿತು.

ಆಮೇಲೆ ಬುದ್ಧಿವಂತಿಕೆ ಹೊಳೆಯಿತು. ಬಾಗಿಲ ಪಕ್ಕದ ಕೆಂಪು ಸ್ವಿಚ್ ಆಫ್ ಮಾಡಿದರೆ ಗಾಡಿಗೆ ಕರೆಂಟು ಹೋಗುವುದಿಲ್ಲ. ಹೋಗದಿದ್ದ ಮೇಲೆ ಬ್ಯಾಟರಿಗೇನು ಕೆಲಸ? ತುಂಬಿದ ಬ್ಯಾಟರಿ ಮೈನಸ್ ನಲವತ್ತಕ್ಕೂ ಹೆಪ್ಪುಗಟ್ಟುವುದಿಲ್ಲ ಎಂದು ನಾನೇ ಎಷ್ಟು ಸಲ ಭಾಷಣ ಮಾಡಿದ್ದೇನೆ. ಸ್ವಿಚ್ ಆಫ್ ಮಾಡಿ, ಗಾಡಿಗೆ ಟಾರ್ಪಾಲಿನ್ ಹೊದಿಸಿ ಒಳಗೆ ಬಂದು ಕಾಫಿ ಕುಡಿದೆ. ಇಷ್ಟು ಸುಲಭದ ಕೆಲಸಕ್ಕೆ ಝೆನಿಯಾ ಇಪ್ಪತ್ತು ವರ್ಷ ಯಾಕೆ ಒದ್ದಾಡಿದಳೋ.

ನವೆಂಬರ್ 17, ಭಾನುವಾರ

"ಇಳಿಸಿದ್ಯಾ?" ಫೋನಿನಲ್ಲಿ ಝೆನಿಯಾ.

"ಇಳಿಸಿದೆ."

"ಸೊಂಟ?"

"ಸೊಂಟಕ್ಕೇನಾಗಿದೆ? ನಾನೇನು ಮುದುಕನಾ?"

"ಎಷ್ಟಿದೆ?"

ಮೀಟರು ಎಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಹೋದ ವರ್ಷದ ನೋಟ್‌ಬುಕ್ ಫೋನಿನ ಪಕ್ಕದಲ್ಲೇ ಇತ್ತು. ಮೊದಲ ಸಾಲಿನಲ್ಲಿ ಅವಳ ದುಂಡು ಅಕ್ಷರ.

"ಹನ್ನೆರಡು ಪಾಯಿಂಟ್ ಏಳು," ಅಂದೆ.

"ಚೆನ್ನಾಗಿದೆ. ನಂದು ಎರಡು ಪಾಯಿಂಟ್ ಎರಡು."

ಅವಳದು ರಕ್ತದ ಬಿಳಿಕಣದ ಲೆಕ್ಕ. ವಾರಕ್ಕೊಮ್ಮೆ ನೋಡುತ್ತಾರೆ. ಒಂದೂವರೆಗಿಂತ ಕೆಳಗಿಳಿದರೆ ಔಷಧಿ ಕೊಡುವುದಿಲ್ಲವಂತೆ, ದೇಹ ತಡೆಯುವುದಿಲ್ಲವಂತೆ. 12.7 ಎಂದು ಕಾಲಂನಲ್ಲಿ ಬರೆದೆ, ಪಕ್ಕದ ಅಂಚಿನಲ್ಲಿ ಅವಳ 2.2 ಬರೆದೆ. ಪುಟ ನೋಡಲು ಚೆನ್ನಾಗಿದೆ.

ಡಿಸೆಂಬರ್ 8, ಭಾನುವಾರ. ಮೈನಸ್ 24

ನನ್ನದು 12.7. ಅವಳದು 2.8.

"ತಲೆಕೂದಲು ಹೋಯ್ತು," ಅಂದಳು. "ಈಗ ನನ್ನ ತಲೆ ನಿನ್ನ ತಲೆ ಒಂದೇ ಥರ."

"ನಂದು ನೋಡೋಕೆ ಚೆನ್ನಾಗಿದೆ."

"ಹೂಂ, ಬಂದು ಹೋಲಿಸಿ ನೋಡು."

ರಸ್ತೆ ಸರಿಯಿಲ್ಲ, ಗಾಳಿಗೆ ಹಿಮ ಅಡ್ಡ ಬೀಳುತ್ತಿದೆ ಅಂದೆ. ಮೂರೂವರೆ ಗಂಟೆಯ ದಾರಿ. ಹೌದು, ಬರಬೇಡ ಅಂದಳು. ಮಧ್ಯಾಹ್ನ ಕರ್ಲಿಂಗ್ ಆಡಲು ಹೋದೆ. ಐಸಿನ ಮೇಲೆ ಕಲ್ಲು ಜಾರಿಸುವ ಆಟಕ್ಕೆ ಅದೇ ಹಿಮಗಾಳಿಯಲ್ಲಿ ಊರಾಚೆ ಇಪ್ಪತ್ತು ಮೈಲಿ ಹೋಗಿ ಸೋತು ಬಂದೆವು.

ಡಿಸೆಂಬರ್ 22, ಭಾನುವಾರ

12.7. 3.2. ಹಬ್ಬಕ್ಕೆ ಬರುವುದಿಲ್ಲವಂತೆ, ಸೋಂಕು ತಗಲೀತು ಎಂದು ಡಾಕ್ಟರು ಬೇಡ ಅಂದರಂತೆ. "ನೀನೂ ಬರ್ಬೇಡ, ಊರಿನ ನೆಗಡಿಯೆಲ್ಲ ಹೊತ್ಕೊಂಡು." ನನಗೆ ನೆಗಡಿ ಇಲ್ಲ. ಆದರೂ ಒಂದೆರಡು ಸಲ ಕೆಮ್ಮಿದೆ.

ಇದನ್ನು ಬರೆದ ಮೇಲೆ ಓದಿದೆ. ಹೊಡೆದು ಹಾಕಬೇಕು ಅನ್ನಿಸಿತು. ಇರಲಿ. ಆಸ್ಪತ್ರೆಯ ವಾಸನೆ ನನಗೆ ಆಗುವುದಿಲ್ಲ; ಅಮ್ಮನ ಕಾಲದಿಂದಲೂ ಆಗುವುದಿಲ್ಲ. ಆಗದವನು ಹೋಗಿ ಅಲ್ಲಿ ಮಾಡುವುದೇನು? ಇಲ್ಲಾದರೆ ಬ್ಯಾಟರಿ ನೋಡಿಕೊಳ್ಳಬಹುದು.

ಜನವರಿ 6. ಮೈನಸ್ 31

ನಮ್ಮ ಚರ್ಚಿನ ಹಳೇ ಪಂಚಾಂಗದ ಕ್ರಿಸ್ಮಸ್ಸಿನ ಮುನ್ನಾದಿನ. ಚರ್ಚಿನ ಹೆಂಗಸರು ಹನ್ನೆರಡು ಬಗೆಯ ಅಡುಗೆಯನ್ನು ಡಬ್ಬಿಗಳಲ್ಲಿ ತಂದುಕೊಟ್ಟರು. ಮಾಂಸವಿಲ್ಲ, ಬೆಣ್ಣೆಯಿಲ್ಲ. ಜೇನು, ಗಸಗಸೆ ಹಾಕಿದ ಗೋಧಿ, ಆಲೂಗಡ್ಡೆ ಕಡುಬು, ಬೀಟ್‌ರೂಟ್ ಸಾರು. ಒಬ್ಬ ಮುದುಕನಿಗೆ ಒಂದು ವಾರಕ್ಕಾಗುವಷ್ಟು.

ಮೇಜಿನ ಮೇಲೆ ನನಗೊಂದು ತಟ್ಟೆ ಇಟ್ಟೆ. ಪದ್ಧತಿಯಂತೆ ತೀರಿಹೋದವರಿಗೆ ಒಂದು ಇಟ್ಟೆ. ಖಾಲಿ ಖಾಲಿ ಕಂಡಿತು, ಝೆನಿಯಾಳ ಜಾಗದಲ್ಲೂ ಒಂದು ಇಟ್ಟೆ. ಕುಳಿತು ಎರಡು ಖಾಲಿ ತಟ್ಟೆಗಳನ್ನೂ ನೋಡಿದೆ. ಎದ್ದು ಅವಳ ತಟ್ಟೆ ತೆಗೆದು ತೊಳೆದು, ಒರೆಸಿ, ಬೀರುವಿನ ಒಳಗಿಟ್ಟೆ. ಅನ್ನ ಮುಟ್ಟದ ತಟ್ಟೆಯನ್ನು ಯಾಕೆ ತೊಳೆದೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಜನವರಿ 14. ಮೈನಸ್ 38

ಕಾಫಿ ಮೇಜಿನಲ್ಲಿ ಲಾರ್ನ್, ನಮ್ಮ ಹಳೇ ಪೋಸ್ಟ್‌ಮಾಸ್ಟರ್, ತನ್ನ ಅಳಿಯನ ಮನೆಗಾಡಿಯ ವಿಷಯ ತೆಗೆದ.

"ಪ್ರೊಫೆಸರೇ, ಅವನು ಬ್ಯಾಟರಿ ಬಿಚ್ಚಿಲ್ವಂತೆ, ಬರೀ ಸ್ವಿಚ್ ಆಫ್ ಮಾಡಿದ್ದಾನಂತೆ. ಸಾಕಾಗುತ್ತಾ?"

ನಾನು ಲೋಟ ಬದಿಗಿಟ್ಟೆ, ಗಂಟಲು ಸರಿಮಾಡಿಕೊಂಡೆ. "ಧಾರಾಳವಾಗಿ ಸಾಕು," ಅಂದೆ.

ನೆಸ್ಟರ್ ಸಾಮಾನ್ಯವಾಗಿ ಬಾಯಿ ಬಿಡುವವನಲ್ಲ. ಎಪ್ಪತ್ತೆಂಟು ವಯಸ್ಸು, ಜೀವನವಿಡೀ ಕಟಾವು ಯಂತ್ರ ರಿಪೇರಿ ಮಾಡಿದವನು. ಅವನು ಚಮಚ ಕೆಳಗಿಟ್ಟ.

"ಏನು ಹೇಳ್ತಿದ್ದೀಯ ಓರೆಸ್ಟ್? ಗ್ಯಾಸ್ ಅಲಾರಂ ಗತಿ ಏನು? ಅದರ ತಂತಿ ಸ್ವಿಚ್ಚಿಗೆ ಮುಂಚೇನೇ ಬ್ಯಾಟರಿಗೆ ಸೇರಿರುತ್ತೆ. ಗ್ಯಾಸ್ ಸೋರಿದ್ರೆ ಕೂಗ್ಬೇಕಲ್ಲ, ಅದಕ್ಕೆ ಅದು ಮಲಗೋ ಹಾಗಿಲ್ಲ. ಚೂರುಚೂರೇ ಹೀರ್ತಾನೇ ಇರುತ್ತೆ. ಎರಡು ತಿಂಗಳಲ್ಲಿ ಬ್ಯಾಟರಿ ಬರೀ ನೀರು. ಈ ಚಳಿಗೆ ನೀರು ಏನಾಗುತ್ತೆ?"

"ಅಯ್ಯೋ, ಅಳಿಯನ ಕಥೆ ಮುಗೀತು," ಅಂದ ಲಾರ್ನ್ ನಗುತ್ತಾ.

ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ. ಕಾಫಿಗೆ ಸಕ್ಕರೆ ಅಂತ ಉಪ್ಪು ಹಾಕಿಕೊಂಡು ಕುಡಿದುಬಿಟ್ಟೆ.

ಜನವರಿ 15

ಸೊಂಟದ ಮಟ್ಟದ ಹಿಮ ಅಗೆದು ಪೆಟ್ಟಿಗೆ ತೆರೆದೆ. ಒಂದು ಬ್ಯಾಟರಿಯ ಪಕ್ಕೆ ಮೇಲಿಂದ ಕೆಳಗಿನವರೆಗೆ ಸೀಳಿತ್ತು. ಸೀಳಿನಲ್ಲಿ ಮಂಜುಗಡ್ಡೆ ಇಣುಕುತ್ತಿತ್ತು. ಇನ್ನೊಂದು ಹೊಟ್ಟೆ ಉಬ್ಬಿಸಿಕೊಂಡಿತ್ತು, ಆದರೆ ಒಡೆದಿರಲಿಲ್ಲ. ಅದನ್ನಾದರೂ ಉಳಿಸೋಣವೆಂದು ಗ್ಯಾರೇಜಿನಿಂದ ಉದ್ದನೆಯ ವೈರು ಎಳೆದು ತಂದು ಚಾರ್ಜರ್ ಸಿಕ್ಕಿಸಲು ಹೋದೆ.

"ಬಿಡು ಕೈ!"

ನೆಸ್ಟರ್ ಬೇಲಿ ಹತ್ತಿರ ನಿಂತಿದ್ದ. ನಿನ್ನೆ ನನ್ನ ನಗು ನೋಡಿಯೇ ಅವನಿಗೆ ಅನುಮಾನ ಬಂದಿತ್ತಂತೆ.

"ಹೆಪ್ಪುಗಟ್ಟಿರೋದಕ್ಕೆ ಕರೆಂಟ್ ಕೊಡ್ತೀಯಾ? ಸಿಡಿದು ಆಸಿಡ್ ಮುಖಕ್ಕೆ ಹಾರಿದ್ರೆ ಝೆನಿಯಾಗೆ ಉತ್ತರ ಹೇಳೋನು ನಾನಾ? ಪ್ರೊಫೆಸರಂತೆ ಪ್ರೊಫೆಸರು!"

ಉಳಿದದ್ದನ್ನು ಹಿಮದ ಜಾರುಹಲಗೆಯ ಮೇಲೆ ಇಟ್ಟು ಎಳೆದುಕೊಂಡು ಹೋಗಿ ನೆಲಮಾಳಿಗೆಗೆ ಇಳಿಸಿದೆವು. ಎರಡು ದಿನ ಮುಟ್ಟಬೇಡ, ತಾನಾಗೇ ಕರಗಲಿ, ಆಮೇಲೆ ಅತಿ ಸಣ್ಣ ಚಾರ್ಜು, ಪಕ್ಕದಲ್ಲೇ ಕೂತು ನೋಡಬೇಕು ಅಂದ. ಮೀಟರು ಹಿಡಿಯುವುದನ್ನು ಹೇಳಿಕೊಟ್ಟ. ಕೆಂಪು ಕಡ್ಡಿ ಎಲ್ಲಿಗೆ, ಕಪ್ಪು ಎಲ್ಲಿಗೆ. ನನಗೆ ಎಪ್ಪತ್ತೊಂದು.

ಹೊರಡುವಾಗ ಬೂಟು ಹಾಕಿಕೊಳ್ಳುತ್ತಾ, "ಝೆನಿಯಾ ಹೇಗಿದ್ದಾಳೆ?" ಅಂದ.

"ಏರ್ತಾ ಇದೆ. ಮೂರು ಪಾಯಿಂಟ್ ಎಂಟು."

"ನಂಬರ್ ಕೇಳ್ಲಿಲ್ಲ. ನೋಡ್ಕೊಂಡು ಬಂದ್ಯಾ?"

"ರಸ್ತೆ..."

"ರಸ್ತೆ ಚೆನ್ನಾಗೇ ಇದೆ. ಮೊನ್ನೆ ನಾನೇ ಯಾರ್ಕ್‌ಟನ್‌ಗೆ ಹೋಗಿ ಬಂದೆ."

ನೆಸ್ಟರ್‌ಗೆ ತಾಳ್ಮೆ ಕಡಿಮೆ. ಬೂಟಿನ ದಾರ ಕಟ್ಟದೇ ಹೊರಟುಹೋದ.

ಜನವರಿ 19, ಭಾನುವಾರ

ಹೇಳಿಬಿಡಬೇಕು ಎಂದೇ ಫೋನ್ ಎತ್ತಿದೆ.

"ಎಷ್ಟಿದೆ?"

"ಹನ್ನೆರಡು ಪಾಯಿಂಟ್ ಏಳು."

"ನಂದು ನಾಲ್ಕು ತುಂಬ್ತು," ಅಂದಳು.

ಮೂವತ್ನಾಲ್ಕು ವರ್ಷ ಗೋಧಿ ತೂಗಿದೆ, ಅರ್ಧ ಕಿಲೋ ಆಚೀಚೆ ಮಾಡಿದವನಲ್ಲ ಎಂದು ನಿವೃತ್ತಿಯ ದಿನ ಭಾಷಣದಲ್ಲಿ ಹೊಗಳಿದ್ದರು. ಮರದ ಫಲಕವೊಂದನ್ನೂ ಕೊಟ್ಟಿದ್ದಾರೆ. ಅದನ್ನು ಇವತ್ತು ಗೋಡೆಯಿಂದ ಇಳಿಸಿದೆ, ಧೂಳು ಒರೆಸುವ ನೆಪದಲ್ಲಿ.

ಜನವರಿ 24

11.3.

ಜನವರಿ 25

11.9! ನೆಸ್ಟರ್‌ಗೆ ಫೋನ್ ಮಾಡಿದೆ. "ಕುಣೀಬೇಡ, ಚಾರ್ಜರ್ ತೆಗೆದು ನಾಳೆ ನೋಡು," ಅಂದ.

ಜನವರಿ 26

11.6. ಕುಣಿಯದೇ ಇದ್ದದ್ದು ಒಳ್ಳೆಯದಾಯಿತು. ಝೆನಿಯಾಳದು 4.2. ಅವಳಿಗೆ ಮತ್ತೆ ಅದೇ ಹನ್ನೆರಡು ಪಾಯಿಂಟ್ ಏಳು ಹೇಳಿದೆ. ಈಗಂತೂ ನನ್ನ ಬಾಯಿಗೆ ಅದು ಜಪದಂತಾಗಿದೆ.

ಫೆಬ್ರವರಿ 6. ಮೈನಸ್ 27

ಕಾಫಿ ಮೇಜಿಗೆ ಹೋಗಿ ವಾರವಾಯಿತು. ಪ್ರೊಫೆಸರು ಎಲ್ಲಿ ಸತ್ತ ಎಂದು ಲಾರ್ನ್ ಫೋನ್ ಮಾಡಿದ್ದ. ಪ್ರೊಫೆಸರು ನೆಲಮಾಳಿಗೆಯಲ್ಲಿ ಮಣೆ ಹಾಕಿಕೊಂಡು ಒಂದು ರೋಗಿಷ್ಟ ಬ್ಯಾಟರಿಯ ಮುಂದೆ ಕುಳಿತಿದ್ದಾನೆ. ಭಟ್ಟಿ ಇಳಿಸಿದ ನೀರನ್ನು ಆರು ತೂತಿಗೂ ಹನಿಹನಿಯಾಗಿ ಹಾಕುತ್ತಾನೆ. ಮೇಲೆ ಹಳೇ ಕಂಬಳಿ ಹೊದಿಸಿದ್ದಾನೆ. ಅದರ ಜೊತೆ ಮಾತಾಡುತ್ತಾನೆ. ಬೆಕ್ಕು ಮೆಟ್ಟಿಲ ಮೇಲೆ ಕೂತು ನೋಡಿ ಎದ್ದು ಹೋಗುತ್ತದೆ.

ಅದರ ಗುಣ ಈಗ ಗೊತ್ತಾಗುತ್ತಿದೆ. ಚಾರ್ಜು ಹಾಕಿದಾಗ ಏರುತ್ತದೆ, ಅದನ್ನು ನಂಬಬಾರದು. ಬಿಟ್ಟು ಒಂದು ದಿನ ಕಳೆದ ಮೇಲೆ ಹೇಳುವುದೇ ನಿಜ. ಈ ವಾರ 12.2, 12.0, 12.3, 12.1. ಒಂದು ದಿನ ಸಂತೋಷ, ಮರುದಿನ ನೆಸ್ಟರ್‌ಗೆ ಫೋನು. ಝೆನಿಯಾ ಇಪ್ಪತ್ತು ವರ್ಷ ಇದನ್ನು ಒಬ್ಬಳೇ ಮಾಡಿದಳು. ನಾನು ಮೇಲೆ ಕೂತು ಟಿವಿಯಲ್ಲಿ ಹಾಕಿ ಆಟ ನೋಡುತ್ತಾ "ಊಟಕ್ಕೇನು?" ಎಂದು ಕೂಗುತ್ತಿದ್ದೆ.

ಫೆಬ್ರವರಿ 16, ಭಾನುವಾರ

ಅವಳದು 4.8. ದನಿ ಸಣ್ಣದಾಗಿತ್ತು. "ಮಲಗಿದ್ದೆ," ಅಂದಳು. ಮಧ್ಯಾಹ್ನ ಹನ್ನೆರಡು ಗಂಟೆಗೆ ಮಲಗುವವಳಲ್ಲ ಅವಳು. ನಂಬರು ಚೆನ್ನಾಗಿದೆಯಲ್ಲ, ನಿದ್ದೆ ಮಾಡಲಿ ಎಂದುಕೊಂಡೆ.

ಫೆಬ್ರವರಿ 18, ಮಂಗಳವಾರ

ಬೆಳಿಗ್ಗೆ 12.4 ಬರೆಯಲು ನೋಟ್‌ಬುಕ್ ತೆರೆದೆ. ಹಿಂದಿನ ಪುಟಗಳನ್ನು ಸುಮ್ಮನೆ ತಿರುವಿದೆ. ಜನವರಿ 24ರಿಂದ ಬ್ಯಾಟರಿಯ ನಂಬರು ಏರಿ, ಇಳಿದು, ಮತ್ತೆ ಏರಿ, ಕುಡಿದವನ ನಡಿಗೆಯಂತಿದೆ. ಅದಕ್ಕೆ ಮುಂಚಿನದೆಲ್ಲ ನನ್ನ 12.7, 12.7, 12.7. ಸುಳ್ಳು ಎಂದು ಮಗುವಿಗೂ ತಿಳಿಯುತ್ತದೆ.

ಆಮೇಲೆ ಅಂಚಿನಲ್ಲಿದ್ದ ಝೆನಿಯಾಳ ಅಂಕಿ ನೋಡಿದೆ. 2.2, 2.4, 2.6, 2.8, 3.0, 3.2.

ಗೋದಾಮಿನಲ್ಲಿ ಕೆಲವು ರೈತರು ಗೋಧಿಯ ತೇವ ತಾವೇ ನೋಡಿ ಬಂದೆವೆಂದು ಚೀಟಿ ಕೊಡುತ್ತಿದ್ದರು. ಅಂಕಿಗಳು ಒಪ್ಪವಾಗಿ ಇದ್ದರೆ ನಾನು ಚೀಟಿ ನೋಡಿಯೇ ಹೇಳುತ್ತಿದ್ದೆ: ಇದು ಗೋಧಿಯದ್ದಲ್ಲ, ನಿನ್ನ ತಲೆಯದ್ದು. ಯಾವ ಮೂಟೆಯ ಗೋಧಿಯೂ ಲೆಕ್ಕದ ಮೇಷ್ಟ್ರಂತೆ ನಡೆದುಕೊಳ್ಳುವುದಿಲ್ಲ. ವಿಷದಂಥ ಔಷಧಿ ಹಾಕಿಸಿಕೊಳ್ಳುತ್ತಿರುವ ಹೆಂಗಸಿನ ರಕ್ತ ಹದಿನಾಲ್ಕು ವಾರ ವಾರಕ್ಕೆ ಎರಡೆರಡೇ ಮೆಟ್ಟಿಲು ಏರುತ್ತದೆಯೇ? ಹದಿನಾಲ್ಕು ವಾರ ನಾನೇ ಬರೆದುಕೊಂಡೆ. ನನ್ನ ಸುಳ್ಳು ಹೇಳುವ ಗಡಿಬಿಡಿಯಲ್ಲಿ ಅವಳದನ್ನು ಕೇಳಿಸಿಕೊಳ್ಳಲೇ ಇಲ್ಲ.

ನನಗೆ ಹೆದರಿಕೆಯಾಗಿದೆ. ನೆಸ್ಟರ್‌ಗೆ ಮನೆಯ ಬೀಗದಕೈ ಕೊಟ್ಟು ಬಂದೆ. ಫರ್ನೇಸ್, ಬೆಕ್ಕು, ಬ್ಯಾಟರಿ ಮೂರನ್ನೂ ನೋಡಿಕೊಳ್ಳುತ್ತಾನೆ. "ಏನೂ ಹೇಳ್ಬೇಡ, ಹೋಗು," ಅಂದ.

ಫೆಬ್ರವರಿ 19, ಸಾಸ್ಕಟೂನ್

ಬಾಗಿಲು ತೆಗೆದ ಸ್ಟೆಫಾ "ಬಂದ್ರಾ ಭಾವ," ಅಂದಳು. ಅಷ್ಟೇ. ನವೆಂಬರಿನಿಂದ ಅವಳು ಇಟ್ಟುಕೊಂಡ ಸಿಟ್ಟೆಲ್ಲ ಅದರಲ್ಲೇ ಇತ್ತು.

ಝೆನಿಯಾ ಅಡುಗೆಮನೆಯ ಮೇಜಿನ ಹತ್ತಿರ ಕೂತಿದ್ದಳು. ತಲೆಗೆ ಹೂವಿನ ವಸ್ತ್ರ ಕಟ್ಟಿದ್ದಳು. ನಾನು ನೋಡಿದ್ದು ಮಣಿಕಟ್ಟು. ಗಡಿಯಾರವನ್ನು ಮೊಣಕೈಯವರೆಗೆ ಸರಿಸಿ ಕಟ್ಟಿದ್ದಳು.

ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದೆ. ಟೋಪಿ ತೆಗೆಯುವುದನ್ನೂ ಮರೆತು ನಿಂತುಕೊಂಡೇ ಹೇಳಿಬಿಟ್ಟೆ. "ಝೆನು, ಒಂದು ಬ್ಯಾಟರಿ ಒಡೆದು ಹೋಯ್ತು. ನಾನು ಕೆಳಗಿಳಿಸ್ಲೇ ಇಲ್ಲ. ಹನ್ನೆರಡು ಪಾಯಿಂಟ್ ಏಳು ಸುಳ್ಳು. ಎಲ್ಲ ಸುಳ್ಳು. ಇನ್ನೊಂದು ಉಳಿದಿದೆ, ನಿನ್ನೆ ಹನ್ನೆರಡು ಪಾಯಿಂಟ್ ನಾಲ್ಕಿತ್ತು, ಇವತ್ತಿಂದು ಗೊತ್ತಿಲ್ಲ."

"ಗ್ಯಾಸ್ ಅಲಾರಂ ತಂತಿ ಬಿಚ್ಚಿರ್ಲಿಲ್ವಾ?"

"ಇಲ್ಲ."

"ದಡ್ಡ."

"ಹೌದು. ನಿಂದೆಷ್ಟು?"

ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದಳು. ಡಿಸೆಂಬರಿನಿಂದ ಮೂರು ಸಲ ಔಷಧಿ ಮುಂದೂಡಿದ್ದಾರಂತೆ. ಬಿಳಿಕಣಗಳು ಏರುತ್ತಿಲ್ಲವಂತೆ. ಹೋದ ವಾರ 0.9.

"ನನಗ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಓಡಿ ಬರ್ತಿರ್ಲಿಲ್ವಾ ನಾನು?"

"ಅದಕ್ಕೇ," ಅಂದಳು. "ಹೇಳಿದ ಮೇಲೂ ನೀನು ಬರದೇ ಹೋದ್ರೆ ನಾನೇನ್ ಮಾಡ್ಲಿ ಓರೆಸ್ಟ್? ಹೇಳ್ದೇ ಇದ್ರೆ, ಪಾಪ ಅವನಿಗೆ ಗೊತ್ತಿಲ್ಲ, ಅದಕ್ಕೆ ಬಂದಿಲ್ಲ ಅಂತ ಅಂದ್ಕೊಂಡಿರಬಹುದಲ್ಲ."

ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತೆ. ಸ್ಟೆಫಾ ಬಂದು ನನ್ನ ತಲೆಯ ಮೇಲಿನ ಟೋಪಿ ತೆಗೆದುಕೊಂಡು ಹೋಗಿ ಮೊಳೆಗೆ ಹಾಕಿದಳು.

ರಾತ್ರಿ ಸೋಫಾದ ಮೇಲೆ ಮಲಗಬೇಕು. ನನಗಿಂತ ಒಂದು ಅಡಿ ಗಿಡ್ಡವಾಗಿದೆ. ಆಗಲಿ.

ಫೆಬ್ರವರಿ 21, ಶುಕ್ರವಾರ

ಆಸ್ಪತ್ರೆಗೆ ನಾನೂ ಹೋದೆ. ವಾಸನೆ ಅದೇ. ಬಾಗಿಲ ಹತ್ತಿರ ಕಾಲು ನಿಂತಿತು, ಝೆನಿಯಾ ಕೋಟಿನ ತೋಳು ಹಿಡಿದು ಎಳೆದಳು. ಯಾರು ಯಾರನ್ನು ಕರೆದುಕೊಂಡು ಬಂದದ್ದು ಎಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ.

ನರ್ಸು ಕಾಗದ ಹಿಡಿದುಕೊಂಡು ಬಂದಳು. "ಒಂದು ಪಾಯಿಂಟ್ ಒಂದು, ಝೆನಿಯಾ ಅವರೇ. ಈ ವಾರವೂ ಔಷಧಿ ಇಲ್ಲ, ಬರೋ ಶುಕ್ರವಾರ ಮತ್ತೆ ನೋಡೋಣ."

1.1. ಸ್ವಂತ ಕಿವಿಯಿಂದ ಕೇಳಿ ಬರೆದುಕೊಂಡಿದ್ದೇನೆ. ಒಂದೂವರೆ ಆಗಿಲ್ಲ. ಝೆನಿಯಾ ನನ್ನ ಮುಖ ನೋಡಿದಳು; ನಾನು ಎದ್ದು ಹೋಗುತ್ತೇನೋ ಎಂದು ನೋಡುತ್ತಿದ್ದಳು ಅನ್ನಿಸುತ್ತದೆ. ನಾನು ಕೂತೇ ಇದ್ದೆ.

"ಇವರು?" ಎಂದು ನರ್ಸು ನನ್ನ ಕಡೆ ಕೈ ತೋರಿಸಿದಳು.

"ನನ್ನ ಗಂಡ."

ನರ್ಸಿನ ಹುಬ್ಬು ಮೇಲೇರಿತು. ಫೈಲು ತಿರುಗಿಸಿ ನೋಡಿದಳು. "ಇಲ್ಲಿ ತುರ್ತಿಗೆ ಕರೆಯೋಕೆ ನಿಮ್ಮ ತಂಗಿ ಹೆಸರು ಮಾತ್ರ ಇದೆ. ಇವರದು ಹಾಕ್ಲಾ?"

ಝೆನಿಯಾ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು, ನಾನು ಪಕ್ಕದಲ್ಲೇ ಕೂತಿರುವಾಗ.

"ಮೊದಲನೇದು ತಂಗೀದೇ ಇರ್ಲಿ," ಅಂದಳು. "ಅದರ ಕೆಳಗೆ ಇವನದು ಬರ್ಕೊಳ್ಳಿ."

ನರ್ಸು ಪೆನ್ನು ತೆಗೆದಳು. ನಾನು ನನ್ನ ಫೋನ್ ನಂಬರು ಹೇಳಿದೆ, ನಿಧಾನವಾಗಿ, ಒಂದೊಂದೇ ಅಂಕಿ. ಸರಿಯಾಗಿ ಬರೆದುಕೊಂಡಳೇ ಎಂದು ಅವಳಿಂದ ಒಮ್ಮೆ ಓದಿಸಿ ಕೇಳಿಸಿಕೊಂಡೆ.